ವೀರಗಲ್ಲಿನ ಖಾಲಿ ಅಂತಸ್ತು

ಯುದ್ಧವೆಂದರೆ ರೇಡಿಯೋದೊಳಗೆ ನಡೆಯುವ ಸಂಗತಿ ಎಂದು ನಾವು ನಂಬಿದ್ದ ಕಾಲ ಅದು. ಎಪ್ಪತ್ತೊಂದರ ಯುದ್ಧ ಮುಗಿದು ಒಂದೆರಡು ವರ್ಷವಾದ ಮೇಲೆ ಅದು ಅಜ್ಜಂಪುರದ ನಮ್ಮ ಕೇರಿಗೂ ಬಂತು. ನಾನು ಶತ್ರುವಿನ ಹೆಣವಾಗಿ ಸೇವೆಗೆ ಸೇರಿದೆ.

ನೇಮಕ ಮಾಡಿದವರು ಡ್ರಾಯಿಂಗ್ ಮೇಷ್ಟ್ರು ರೇವಣ್ಣ. ಮೈಸೂರಿನಲ್ಲಿ ಶಿಲ್ಪ ಕಲಿತು ಬಂದಿದ್ದರೂ ಊರು ಅವರಿಂದ ಬರೆಸುತ್ತಿದ್ದುದು ನಾಟಕದ ಪರದೆ ಮಾತ್ರ. ಆ ಬೇಸಿಗೆಯಲ್ಲಿ ಪಟೇಲರು ಮೊದಲ ಸಲ ಕಲ್ಲಿನ ಕೆಲಸ ಒಪ್ಪಿಸಿದರು. ನಮ್ಮ ಕೇರಿಯ ಸಿದ್ದಮ್ಮತ್ತೆಯ ಮಗ ಬಸವರಾಜ ಯುದ್ಧಕ್ಕೆ ಹೋದವನು ಹಿಂತಿರುಗಿರಲಿಲ್ಲ. ಪತ್ತೆಯಿಲ್ಲ ಎಂದಷ್ಟೇ ಮಿಲಿಟರಿಯಿಂದ ತಿಳಿದಿತ್ತು. ಪತ್ತೆಯಿಲ್ಲದವನನ್ನು ಊರು ಎಷ್ಟು ಕಾಲ ಸಹಿಸೀತು? ಹಳೆಯ ಕ್ರಮದಂತೆ ಮೂರು ಅಂತಸ್ತಿನ ವೀರಗಲ್ಲು ನಿಲ್ಲಿಸುವುದೆಂದು ತೀರ್ಮಾನವಾಯಿತು: ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸ.

ಕಾಳಗಕ್ಕೆ ಬೇಕಾದ ಹೆಣಗಳು ನಾವು, ಕೇರಿಯ ಮಕ್ಕಳು. ಮೇಷ್ಟ್ರು ನೋಡಿ ಕೆತ್ತಲೆಂದು ಅವರ ಹಿತ್ತಲಿನಲ್ಲಿ ಬಾಯಿ ತೆರೆದು ಬಿದ್ದಿರಬೇಕು. ಉಳಿಯ ಸದ್ದು, ಕಲ್ಲುಪುಡಿಯ ಸುಟ್ಟ ವಾಸನೆ, ಕಾಲಿಗೆ ಇರುವೆ. "ಸತ್ತೋನು ಕೆರ್ಕೊಳಲ್ಲ ಕಣೇ," ಎಂದು ಮೇಷ್ಟ್ರು ಗದರುತ್ತಿದ್ದರು. ಸಂಬಳ ಹುರಿಗಡಲೆ, ಬೆಲ್ಲ. ನನ್ನ ಕಣ್ಣಿದ್ದುದು ಅಪ್ಸರೆಯ ಹುದ್ದೆಯ ಮೇಲೆ. ಅಕ್ಕನ ದಾವಣಿ ಸುತ್ತಿಕೊಂಡು ಜಗಲಿಯಿಂದ ಹಾರಿ ಅಭ್ಯಾಸವನ್ನೂ ಮಾಡುತ್ತಿದ್ದೆ.

ಕೆಳಗಿನ ಅಂತಸ್ತು ಮುಗಿದು, ಮೇಷ್ಟ್ರು ನಡುವಿನದಕ್ಕೆ ಸೀಮೆಸುಣ್ಣದ ಗೆರೆ ಎಳೆದ ದಿನ ಸಿದ್ದಮ್ಮತ್ತೆ ಬಂದರು. ಕಲ್ಲಿನಲ್ಲಿ ಕೋವಿ ಹಿಡಿದು ನಿಂತ ಮಗನ ಮುಖದ ಪುಡಿಯನ್ನು ಸೆರಗಿನಿಂದ ಒರೆಸಿದರು. ಆಮೇಲೆ ಗೆರೆಗಳ ಮೇಲೆ ಅಂಗೈ ಇಟ್ಟು ನಿಂತುಬಿಟ್ಟರು.

"ಕಾದಾಡ್ತಾ ಅವ್ನೆ. ಹಿಂಗೇ ಇರ್ಲಿ ಕಣಪ್ಪಾ. ಮ್ಯಾಲಕ್ಕೆ ಕಳಿಸ್ಬ್ಯಾಡ."

ಮೇಷ್ಟ್ರು ಒದ್ದೆ ಬಟ್ಟೆ ತಂದು ಗೆರೆಗಳನ್ನು ತಾವೇ ಅಳಿಸಿದರು. ಜೊತೆಗೆ ನನ್ನ ಹುದ್ದೆಯೂ ಹೋಯಿತು. ಅಳಬೇಕೆನಿಸಿದರೂ ಅತ್ತೆಯ ಎದುರು ಅಳಲಾಗಲಿಲ್ಲ.

ಅರ್ಧ ಕಲ್ಲು ಊರಿಗೆ ಅಪಶಕುನವೆಂದು ಪಟೇಲರು ಹಾರಾಡಿದರು. ಬೇರೆ ಶಿಲ್ಪಿಯನ್ನು ತರಿಸುತ್ತೇನೆ ಎಂದೂ ಹೆದರಿಸಿದರು.

"ತರ್ಸಿ ಪಟೇಲ್ರೇ," ಎಂದರು ಮೇಷ್ಟ್ರು. "ಮೊದ್ಲು ಆಯಮ್ಮನ್ನ ಒಪ್ಸಿ."

ಆ ಶೌರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ. ಮೇಲಿನೆರಡು ಅಂತಸ್ತು ಖಾಲಿ ಬಿಟ್ಟುಕೊಂಡೇ ಕಲ್ಲು ಸ್ಟೇಷನ್ ರಸ್ತೆಯಲ್ಲಿ ನಿಂತಿತು. ಅಲ್ಲಿಂದ ಊರಿಗೆ ನೆಮ್ಮದಿಯಿಲ್ಲ. ರೈಲು ಕೂಗಿದರೆ ಮಾತು ಅಲ್ಲಲ್ಲೇ ತುಂಡಾಗುತ್ತಿತ್ತು. ಇಳಿದವರು ಯಾರೆಂದು ಎಲ್ಲರೂ ಕತ್ತು ಚಾಚುತ್ತಿದ್ದರು, ಪಟೇಲರೂ.

ಎಂಬತ್ತರ ದಶಕದಲ್ಲಿ ಸಿದ್ದಮ್ಮತ್ತೆ ತೀರಿಕೊಂಡರು. ಮೇಷ್ಟ್ರು ಆಗಲೇ ವರ್ಗವಾಗಿ ಹೋಗಿದ್ದರು. ಹೊಸ ಶಿಲ್ಪಿ ಬಂದು ಬಸವರಾಜನನ್ನು ಸಕಲ ಮರ್ಯಾದೆಗಳೊಂದಿಗೆ ಕೈಲಾಸಕ್ಕೆ ಮುಟ್ಟಿಸಿದ. ಕೆಲಸ ಅಚ್ಚುಕಟ್ಟಾಗಿದೆ, ದೂರುವಂತಿಲ್ಲ. ಈಗ ರೈಲುಗಳೂ ಹೆಚ್ಚಿವೆ. ಯಾರಿಳಿದರೆಂದು ಬಾಗಿಲಿಗೆ ಬಂದು ನೋಡುವವರಿಲ್ಲ.