ಗಗನಯಾನಿಗೆ ಕೊನೆಯ ಹಾಲು

ಗುಣವಾಗದ ಕಾಯಿಲೆಯವರ ನೋವು ತಗ್ಗಿಸುವುದು ದಿಂಡಿಗಲ್‌ನಲ್ಲಿ ನನ್ನ ವೈದ್ಯವೃತ್ತಿ. ಒಮ್ಮೆ ವೈದ್ಯರ ಸಮಿತಿಯೊಂದು ನನ್ನಿಂದ ಎರಡು ಪುಟ ಕೇಳಿತು. ವರ್ಷಗಟ್ಟಲೆ ಸಾಗುವ ಬಾಹ್ಯಾಕಾಶ ಯಾನದಲ್ಲಿ ಒಬ್ಬರು ಸಾಯುವ ಸ್ಥಿತಿಗೆ ಬಂದರೆ, ವಾಪಸು ಕರೆತರಲು ಆಗದಿದ್ದರೆ, ಜೊತೆಯವರು ಏನು ಮಾಡಬೇಕು? ಅಂತಿಮ ಗಳಿಗೆಯನ್ನು ವೈದ್ಯರು ತಿಳಿಸಬೇಕು, ಆಗ ಎಲ್ಲರೂ ಸೇರಿ ಬೀಳ್ಕೊಡಬೇಕು ಎಂದು ಬರೆದೆ.

ಬರೆದದ್ದು ನಮ್ಮೂರು ಹನುಮಂತನಪಟ್ಟಿಯಲ್ಲಿ, ದೊಡ್ಡಪ್ಪನ ಮಂಚದ ಪಕ್ಕ ಕುಳಿತು. ಅವರಿಗೆ ಯಕೃತ್ತಿನ ಕ್ಯಾನ್ಸರ್. ಆಸ್ಪತ್ರೆ ಬೇಡ, ಮನೆಯಲ್ಲೇ ಇದ್ದು, ಎಲ್ಲರನ್ನೂ ಗುರುತು ಹಿಡಿದು ಮಾತಾಡಿಸಿಯೇ ಹೋಗಬೇಕು ಎಂಬುದು ಅವರ ಒಂದೇ ಆಸೆ. ನಡೆಸಿಕೊಡುತ್ತೇನೆಂದು ಮಾತು ಕೊಟ್ಟಿದ್ದೆ.

ಒಂದು ಬೆಳಗ್ಗೆ ಎಷ್ಟು ಕರೆದರೂ ಅವರು ಓಗೊಡಲಿಲ್ಲ. ಉಸಿರು ತಡೆತಡೆದು ಬರುತ್ತಿತ್ತು. "ಹೊತ್ತು ಬಂತು, ಎಲ್ಲರನ್ನೂ ಕರೆಸಿ" ಎಂದು ನಾನೇ ಹೇಳಿದೆನೆಂದು ಅಕ್ಕ ಇಂದಿಗೂ ಸಾಧಿಸುತ್ತಾಳೆ. "ನೋಡೋಣ" ಎಂದದ್ದಷ್ಟೇ ನನಗೆ ನೆನಪು. ನನ್ನ ನೆನಪು ಯಾವಾಗಲೂ ನನ್ನ ಪಕ್ಷವನ್ನೇ ವಹಿಸುತ್ತದೆ, ಹಾಗಾಗಿ ಅಕ್ಕನ ಮಾತೇ ನಿಜವಿರಬೇಕು.

ಹತ್ತು ಗಂಟೆಗೆಲ್ಲ ಉತ್ತಮಪಾಳಯಂನಿಂದ ನೆಂಟರು ಬಂದಿಳಿದರು. ನಮ್ಮಲ್ಲಿ ಪ್ರಾಣ ಹೋಗುವ ಮುನ್ನ ಪ್ರತಿಯೊಬ್ಬರೂ ಬಾಯಿಗೆ ಹಾಲು ಬಿಡುತ್ತಾರೆ. ಗಂಟಲಿಗೆ ಸಿಕ್ಕೀತು, ತುಟಿ ಒದ್ದೆ ಮಾಡಿದರೆ ಸಾಕು ಎಂದೆ. ದೊಡ್ಡಮ್ಮ ಬಟ್ಟೆಯ ಅಂಚನ್ನು ಹಾಲಿಗದ್ದಿ ಮುಟ್ಟಿಸಿದರು. ನಾಲ್ಕನೆಯವರ ಸರದಿಗೆ ದೊಡ್ಡಪ್ಪ ತುಟಿ ಚಪ್ಪರಿಸಿ ಕಣ್ಣು ಬಿಟ್ಟರು.

"ಏನಿದು, ಸಕ್ರೆ ಇಲ್ದ ಹಾಲು?"

"ಸುಮ್ನಿರಿ, ನಿಮ್ಗೆ ಕೊನೆ ಹಾಲ್ ಉಯ್ತಾವ್ರೆ" ಎಂದರು ದೊಡ್ಡಮ್ಮ, ಅಳುತ್ತಲೇ ನಗುತ್ತ.

"ಯಾರ್ ಹೇಳಿದ್ದು?"

"ನಿಮ್ ಡಾಕ್ಟ್ರು ಮಗ."

ದೊಡ್ಡಪ್ಪ ನನ್ನತ್ತ ತಿರುಗಿದರು. "ಏನ್ಡಾ ನನ್ ಕಣ್ಣು, ಆಕಾಸ್ದಾಗೆ ಸಾಯೋರ್ಗೆ ಬರೀತೀಯ, ಕಣ್ಮುಂದೆ ಬಿದ್ದಿರೋನ್ ಕಾಣ್ಸಲ್ವಾ?"

ಹಿಂದಿನ ದಿನ ನಾನು ನೋವಿನ ಮದ್ದು ಹೆಚ್ಚಿಸಿದ್ದೆ. ಸೋತ ಯಕೃತ್ತು ಅದನ್ನು ಕರಗಿಸಿರಲಿಲ್ಲ. ಆ ಮಂಪರನ್ನು ಸಾವೆಂದು ಎಣಿಸಿದ್ದೆ. ನಾಚಿಕೆಯಾಯಿತು, ಆದರೆ ನೆಂಟರು ಆಗಲೇ ಮಂಚದ ಸುತ್ತ ಕುಳಿತುಬಿಟ್ಟಿದ್ದರು. ದೊಡ್ಡಪ್ಪ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದರು, ಒಬ್ಬೊಬ್ಬರನ್ನೂ ರೇಗಿಸಿದರು. ಊಟದ ಹೊತ್ತಿನವರೆಗೂ ಆ ಕೋಣೆಯಲ್ಲಿ ನಗು.

ಮಧ್ಯಾಹ್ನ ಸಮಿತಿಗೆ ಬರೆದಿದ್ದ ನನ್ನ ಸಾಲು ಹೊಡೆದುಹಾಕಿದೆ. ಗಳಿಗೆಗಾಗಿ ಕಾಯಬೇಡಿ, ವೈದ್ಯರು ತಪ್ಪಬಹುದು, ರೋಗಿ ಮಾತಾಡುವಂತಿರುವಾಗಲೇ ಬೀಳ್ಕೊಡಿ ಎಂದು ಬರೆದು ದೊಡ್ಡಪ್ಪನಿಗೆ ಓದಿ ಹೇಳಿದೆ.

"ಅಲ್ಲಿ ಹಾಲ್ ಉಯ್ದ್ರೆ ಬಾಯ್ಗೆ ಬೀಳ್ತದಾ?"

"ಬೀಳಲ್ಲ ದೊಡ್ಡಪ್ಪಾ, ಉಂಡೆಯಾಗಿ ತೇಲ್ತದೆ."

"ಹಂಗಾದ್ರೆ ಬಟ್ಟೇನೂ ಬರ್ಕೋ."

ಬರೆದುಕೊಂಡೆ.

ಹನ್ನೊಂದೋ ಹನ್ನೆರಡೋ ದಿನಗಳ ಬಳಿಕ, ಮಧ್ಯಾಹ್ನದ ನಿದ್ದೆಯಲ್ಲೇ ಅವರು ಹೋದರು. ಕೋಣೆಯಲ್ಲಿ ದೊಡ್ಡಮ್ಮ ಒಬ್ಬರೇ ಇದ್ದರು. ಆಮೇಲೆ ಬಂದವರಲ್ಲಿ ಒಬ್ಬರೂ, ಕೊನೆಗೊಂದು ಮಾತೂ ಆಡಲಾಗಲಿಲ್ಲವೆಂದು ಅಳಲಿಲ್ಲ.