ಶ್ರೀಕಾರ ಒಪ್ಪದ ಯಂತ್ರ

ಕಂಪೈಲರ್ ಎಂಬುದನ್ನು ನಾನು ಕಣ್ಣಾರೆ ಕಂಡವಳಲ್ಲ. ಅದು ಓಡುತ್ತಿದ್ದ ಯಂತ್ರವನ್ನೂ ಕಂಡಿಲ್ಲ. ಯಂತ್ರ ಬೆಂಗಳೂರಿನ ಯಾವುದೋ ಸಂಸ್ಥೆಯ ತಂಪು ಕೋಣೆಯಲ್ಲಿತ್ತು, ನಾನು ಹರಿಹರದ ಕಾರ್ಖಾನೆಯಲ್ಲಿ ಬಿಸಿಲು ಬಡಿಯುವ ಕಿಟಕಿಯ ಪಕ್ಕದಲ್ಲಿದ್ದೆ. ಆದರೂ ಅರವತ್ತರ ದಶಕದ ಕೊನೆಯ ಒಂದು ವರ್ಷ, ಸಂಕ್ರಾಂತಿಯಿಂದ ಯುಗಾದಿಯವರೆಗೆ, ನನ್ನ ಹಣೆಬರಹ ಅದರ ಕೈಯಲ್ಲಿತ್ತು. ಉಪ್ಪು ಖಾರ ಹಚ್ಚಿ ಹೇಳುತ್ತಿಲ್ಲ, ನಡೆದದ್ದೇ ಹಾಗೆ.

ನಮ್ಮದು ದಾವಣಗೆರೆ ಮಂಡಿಪೇಟೆಯ ಕಾಳುಕಡಿ ವ್ಯಾಪಾರದ ಮನೆ. ಗಣಿತದಲ್ಲಿ ಬಿ.ಎಸ್ಸಿ. ಮಾಡಿದ್ದ ನನಗೆ ಹರಿಹರದಲ್ಲಿ ಲೋಹ ಕಡೆಯುವ ಲೇಥ್ ಯಂತ್ರ ತಯಾರಿಸುವ ಕಾರ್ಖಾನೆಯೊಂದರ ಡಿಸೈನ್ ಆಫೀಸಿನಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತ್ತು. ಬೆಳಗಿನ ರೈಲಿಗೆ ಹೋಗುವುದು, ಸಂಜೆಯ ರೈಲಿಗೆ ಬರುವುದು. ನನ್ನದೇ ಒಂದು ಟೇಬಲ್, ಅದರ ಮೇಲೆ ಹಿಡಿಕೆ ತಿರುಗಿಸಿ ಲೆಕ್ಕ ಮಾಡುವ ಒಂದು ಯಂತ್ರ, ಮಾತಾಡಿಸುವವರಿಲ್ಲದ ಮಧ್ಯಾಹ್ನ. ಅಯ್ಯೋ, ಆ ಸುಖವನ್ನು ಹೇಗೆ ಹೇಳಲಿ! ಮನೆಯಲ್ಲಿ ಹದಿನಾರು ಜನರ ನಡುವೆ ಬೆಳೆದವಳಿಗೆ ಒಂದು ಟೇಬಲ್ ಅಂದರೆ ಏನೆಂದು ಹಾಗೆ ಬೆಳೆದವರಿಗೇ ಗೊತ್ತು.

ಅಷ್ಟರಲ್ಲಿ ರಾಣೆಬೆನ್ನೂರಿನಿಂದ ಒಂದು ಸಂಬಂಧ ಬಂತು. ಒಳ್ಳೆಯ ಮನೆತನ, ಕೆಟ್ಟ ಜನ ಅಲ್ಲ. ಅವರದು ಒಂದೇ ಮಾತು: ಸೊಸೆ ಹೊಸಿಲು ದಾಟಿ ದುಡಿಯುವಂತಿಲ್ಲ. ನಾನು ಊಟ ಬಿಟ್ಟೆ, ಅತ್ತು ಕರೆದೆ, ಅವ್ವನ ಮೇಲೆ ಹರಿಹಾಯ್ದೆ. ಅಪ್ಪ ವ್ಯಾಪಾರಸ್ಥ, ಕೂಗಾಡದೆ ಕರಾರು ಮಾಡಿದ.

“ಯುಗಾದಿ ಒಳಗ ನಿನ್ನ ಕೆಲಸ ಖಾಯಂ ಆತು ಅಂದ್ರೆ ನಾನೇ ಅವರಿಗೆ ಒಲ್ಲೆ ಅಂತ ಹೇಳಿ ಕಳಿಸ್ತೀನಿ. ಆಗ್ಲಿಲ್ಲ ಅಂದ್ರೆ ನೀ ಹಟ ಹಿಡೀಬ್ಯಾಡ. ಏನಂತಿಯವ್ವಾ?”

ಹೂಂ ಅಂದೆ. ನನಗೆ ಧೈರ್ಯ ಇತ್ತು, ಯಾಕೆಂದರೆ ನಮ್ಮ ಆಫೀಸಿನ ಸಾಹೇಬರು ಆಗಲೇ ನನಗೆ ಒಂದು ಮಾತು ಕೊಟ್ಟಿದ್ದರು. ಮೈಸೂರು ಕಡೆಯವರು, ಮೆತ್ತಗಿನ ಮನುಷ್ಯ. ಲೇಥಿನಲ್ಲಿ ಬೋಲ್ಟಿಗೆ ಸುರುಳಿ ಗೆರೆ, ಅಂದರೆ ಥ್ರೆಡ್, ಕೊರೆಯಬೇಕಾದರೆ ನಾಲ್ಕು ಗೇರು ಚಕ್ರ ಜೋಡಿಸಬೇಕು. ಯಾವ ಥ್ರೆಡ್ಡಿಗೆ ಎಷ್ಟು ಹಲ್ಲಿನ ಯಾವ ನಾಲ್ಕು ಚಕ್ರ ಎಂಬ ದೊಡ್ಡ ಪಟ್ಟಿ ಕಾರ್ಖಾನೆಗೆ ಬೇಕಿತ್ತು. ಹಿಡಿಕೆ ತಿರುಗಿಸಿ ಅದನ್ನು ಮಾಡುತ್ತಾ ಕೂತರೆ ತೋಳು ಬಿದ್ದುಹೋಗುತ್ತಿತ್ತು. ಸಾಹೇಬರು ಬೆಂಗಳೂರಿಗೆ ಹೋಗಿ ಕಂಪ್ಯೂಟರ್ ಕಲಿತು ಬಂದು, ತಮ್ಮ ಪುಸ್ತಕವನ್ನು ನನ್ನ ಮುಂದೆ ಇಟ್ಟು, “ನೀನು ಬರಿಯಮ್ಮ. ಇದು ಓಡಿಬಿಟ್ಟರೆ ಖಾಯಂ ಮಾಡಿ ಅಂತ ನಾನೇ ಮೇಲಕ್ಕೆ ಬರೀತೀನಿ” ಎಂದಿದ್ದರು.

ಬರೆಯಬೇಕಾದದ್ದು ಫೋರ್ಟ್ರಾನ್ ಎಂಬ ಭಾಷೆಯಲ್ಲಿ. ಇಂಗ್ಲಿಷ್ ಅಕ್ಷರ, ಬೀಜಗಣಿತ ಎರಡನ್ನೂ ಕಲಸಿದ ಭಾಷೆ ಅದು. ಯಂತ್ರಕ್ಕೆ ಅದೂ ತಿಳಿಯದು, ಅದಕ್ಕೆ ಗೊತ್ತಿರುವುದು ಅಂಕಿ ಮಾತ್ರ. ನಾವು ಬರೆದದ್ದನ್ನು ಓದಿ, ತಪ್ಪು ಹುಡುಕಿ, ಯಂತ್ರದ ಅಂಕಿಗಳಿಗೆ ತಿರುಗಿಸಿ ಕೊಡುವುದು ಕಂಪೈಲರ್, ಅದೂ ಒಂದು ಪ್ರೋಗ್ರಾಮೇ. ನಾನು ಚೌಕುಳಿ ಹಾಳೆಯ ಮೇಲೆ ಸಾಲು ಸಾಲು ಬರೆದುಕೊಡುವುದು, ಸಾಹೇಬರು ವಾರಕ್ಕೊಮ್ಮೆ ಬೆಂಗಳೂರಿಗೆ ಒಯ್ಯುವುದು, ಅಲ್ಲಿ ಒಂದೊಂದು ಸಾಲಿಗೆ ಒಂದೊಂದು ರಟ್ಟಿನ ಕಾರ್ಡಿನಲ್ಲಿ ತೂತು ಹೊಡೆದು ಯಂತ್ರಕ್ಕೆ ಉಣಿಸುವುದು. ಉತ್ತರ ನನ್ನ ಕೈಗೆ ಬರುವುದು ಮುಂದಿನ ವಾರ.

ನಾನು ಬರೆದು ಮುಗಿಸುವಷ್ಟರಲ್ಲಿ ಶಿವರಾತ್ರಿ ಹತ್ತಿರ ಬಂದಿತ್ತು. ಮೊದಲ ಸಲ ಸಾಹೇಬರು ತಂದದ್ದು ಒಂದೇ ಒಂದು ಸಾಲಿನ ಕಾಗದ. ಮೊಟ್ಟಮೊದಲ ಕಾರ್ಡಿನಲ್ಲೇ ತಪ್ಪು.

“ಇದೇನಮ್ಮ ಇದು, ಎಸ್ ಆರ್ ಐ?” ಎಂದು ಕೇಳಿದರು.

ಮಂಡಿಪೇಟೆಯ ಮನೆಯಲ್ಲಿ ಹುಟ್ಟಿದವಳು ನಾನು. ನಮ್ಮಲ್ಲಿ ಕಿರಾಣಿ ಚೀಟಿ ಬರೆದರೂ ಹಾಳೆಯ ತಲೆಯ ಮೇಲೆ ಶ್ರೀ ಬರೆಯದೆ ಲೇಖನಿ ಮುಂದೆ ಹೋಗುವುದಿಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗಲೂ ನನ್ನ ಕೈ ತನ್ನಷ್ಟಕ್ಕೆ ತಾನೇ ಶ್ರೀಕಾರ ಹಾಕಿತ್ತು. ತೂತು ಹೊಡೆಯುವ ಹುಡುಗಿ ಇದ್ದದ್ದನ್ನು ಇದ್ದ ಹಾಗೆ ಹೊಡೆದಿದ್ದಳು. ಕಂಪೈಲರ್ ಅದನ್ನು ಓದಿ, ಇದೊಂದು ಹೆಸರು, ಸರಿ, ಈ ಹೆಸರಿಗೆ ಏನು ಮಾಡಲಿ ಎಂದು ಕೇಳಿತ್ತು. ಕೂಡಿಸು ಅಂದಿಲ್ಲ, ಕಳೆ ಅಂದಿಲ್ಲ, ಬರೆ ಅಂದಿಲ್ಲ. ಬರೀ ಹೆಸರು ಹೇಳಿ ಸುಮ್ಮನಾದರೆ ಅದರ ವ್ಯಾಕರಣದಲ್ಲಿ ವಾಕ್ಯವಾಗುವುದಿಲ್ಲ. ದೇವರ ಹೆಸರಿಗೆ ಒಂದು ವಾರ ಹೋಯಿತು.

ಮನೆಯಲ್ಲಿ ಹೇಳಿದಾಗ ಅಪ್ಪನಿಗೆ ಯಂತ್ರದ ಮೇಲೆ ಸಿಟ್ಟು ಬಂತು. “ಶ್ರೀಕಾರ ಅಳಿಸಿ ಬರೀತಿಯೇನು? ಒಳ್ಳೇದಾಗಾಕಿಲ್ಲ ನೋಡು.”

“ಅಳಿಸಂಗಿಲ್ಲಪ್ಪ. ಸಾಲಿನ ಮೊದಲಿಗೆ ಸಿ ಅಂತ ಬರದ್ರೆ ಅದು ಆ ಸಾಲು ಬಿಟ್ಟು ಮುಂದಕ್ಕೆ ಹೋಗ್ತೈತೆ. ಶ್ರೀ ಇರ್ತೈತೆ, ಅದು ನೋಡಂಗಿಲ್ಲ ಅಷ್ಟೇ.”

“ಹಂಗಾರೆ ಸರಿ ಬಿಡು,” ಅಂದ.

ಒಂದು ವಾರ ಹೋದದ್ದೇ ನನಗೆ ಹುಚ್ಚು ಹಿಡಿದಂತಾಯಿತು. ಕಂಪೈಲರ್ ಬೆಂಗಳೂರಿನಲ್ಲಿದ್ದರೆ ಇರಲಿ, ನಾನೇ ಕಂಪೈಲರ್ ಆಗುತ್ತೇನೆ ಎಂದುಕೊಂಡೆ. ಸಾಹೇಬರ ಪುಸ್ತಕ ಹಿಡಿದು, ರೈಲಿನಲ್ಲಿ ತೊಡೆಯ ಮೇಲೆ ಹಾಳೆ ಇಟ್ಟುಕೊಂಡು, ಅದು ಮಾಡುವ ಕೆಲಸವನ್ನೆಲ್ಲ ಪೆನ್ಸಿಲಿನಿಂದ ಮಾಡತೊಡಗಿದೆ. ಅದು ಒಂದನೇ ಈಯತ್ತೆಯ ಮಗುವಿನ ಹಾಗೆ ಅಕ್ಷರ ಅಕ್ಷರ ಓದುತ್ತದೆ. ನಡುವೆ ಬಿಟ್ಟ ಜಾಗಕ್ಕೆ ಬೆಲೆಯೇ ಇಲ್ಲ. ಅಕ್ಷರ ಕೂಡಿಸಿ ಇದು ಹೆಸರು, ಇದು ಅಂಕಿ, ಇದು ಗುಣಾಕಾರದ ಗುರುತು ಎಂದು ತುಂಡು ಮಾಡುತ್ತದೆ. ಆಮೇಲೆ ಆ ತುಂಡುಗಳೆಲ್ಲ ಸೇರಿ ನೆಟ್ಟಗಿನ ವಾಕ್ಯವಾಗುತ್ತವೆಯೇ ಎಂದು ನೋಡುತ್ತದೆ. ತೆರೆದ ಆವರಣಕ್ಕೆ ಮುಚ್ಚುವ ಆವರಣ ಉಂಟೇ, ಆವರಣದ ಒಳಗಿನದು ಮೊದಲು, ಗುಣಿಸುವುದು ಭಾಗಿಸುವುದು ಆಮೇಲೆ, ಕೂಡಿಸುವುದು ಕೊನೆಗೆ. ಪ್ರತಿ ಹೆಸರಿಗೂ ಯಂತ್ರದ ಒಳಗೆ ಒಂದು ಗೂಡು ಕೊಡುತ್ತದೆ. ಇಷ್ಟಾದ ಮೇಲೆಯೇ, ಈ ಗೂಡಿನದನ್ನು ತೆಗೆ, ಆ ಗೂಡಿನದರಿಂದ ಗುಣಿಸು, ಅಲ್ಲಿ ಇಡು ಎಂದು ಅಂಕಿಗಳಲ್ಲಿ ಅಪ್ಪಣೆ ಬರೆಯುತ್ತದೆ. ನಾನೂ ಬರೆದೆ. ಪಕ್ಕದಲ್ಲಿ ಕೂತ ಹೆಂಗಸರು ಈ ಹುಡುಗಿಗೆ ಯಾರೋ ಏನೋ ಮಾಡಿಸಿದ್ದಾರೆ ಎಂದು ಮಾತಾಡಿಕೊಳ್ಳುತ್ತಿದ್ದರು.

ಎರಡನೇ ಸಲವೂ ತಪ್ಪು. ಮೂವತ್ತನೇ ನಂಬರಿನ ಸಾಲಿಗೆ ಹೋಗು ಎಂದು ಒಂದು ಕಡೆ ಹೇಳಿದ್ದೆ, ಹಾಳೆ ತಿದ್ದಿ ಬರೆಯುವಾಗ ಆ ಸಾಲನ್ನೇ ಬಿಟ್ಟಿದ್ದೆ. ಕಂಪೈಲರ್ ಎಲ್ಲ ನಂಬರುಗಳನ್ನೂ ಪಟ್ಟಿ ಮಾಡಿಕೊಂಡು, ಕೊನೆಯವರೆಗೂ ಹುಡುಕಿ, ಅಂಥ ಸಾಲು ಎಲ್ಲೂ ಇಲ್ಲ ಎಂದು ವಾಪಸು ಕಳಿಸಿತ್ತು. ಆ ದಿನ ಆಫೀಸಿನ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅತ್ತು ಬಂದು ಮೂವತ್ತನೇ ಸಾಲು ಬರೆದೆ.

ಮೂರನೇ ಸಲ ಸಾಹೇಬರು ಬಾಗಿಲಲ್ಲೇ ನಗುತ್ತಾ ಬಂದರು. ತಪ್ಪು ಏನೂ ಇಲ್ಲ! ಅಪ್ಪಣೆಗಳ ಹೊಸ ಕಾರ್ಡಿನ ಕಟ್ಟು ತಯಾರಾಗಿತ್ತು, ಅದು ಓಡಿಯೂ ಇತ್ತು, ಪಟ್ಟಿ ಅವರ ಕೈಯಲ್ಲಿತ್ತು. ನಾನು ಹಿಡಿಕೆ ಯಂತ್ರದ ಮುಂದೆ ಕೂತು ಮೊದಲ ಉತ್ತರ ತಾಳೆ ನೋಡಿದೆ. ತಪ್ಪು. ಎರಡನೆಯದು, ತಪ್ಪು. ನನ್ನ ಹಾಳೆ ತೆಗೆದು ಆ ಲೆಕ್ಕದ ಸಾಲು ಹುಡುಕಿದೆ. ಕಾಗದದ ಮೇಲೆ ಚಕ್ರಗಳ ಹಲ್ಲಿನ ಭಿನ್ನರಾಶಿ ಬರೆಯುವಾಗ ಮೇಲೆ ಎರಡು ಚಕ್ರ, ಗೆರೆ, ಕೆಳಗೆ ಎರಡು ಚಕ್ರ. ಕಾರ್ಡಿನಲ್ಲಿ ಗೆರೆ ಇಲ್ಲ, ಎಲ್ಲ ಒಂದೇ ಸಾಲು. ಕೆಳಗಿನ ಎರಡಕ್ಕೆ ಆವರಣ ಹಾಕಬೇಕಿತ್ತು, ಹಾಕಿರಲಿಲ್ಲ. ಕಂಪೈಲರ್ ಎಡದಿಂದ ಬಲಕ್ಕೆ ಗುಣಿಸಿ, ಭಾಗಿಸಿ, ನಾಲ್ಕನೇ ಚಕ್ರದಿಂದ ಮತ್ತೆ ಗುಣಿಸಿತ್ತು. ವಾಕ್ಯ ಸರಿ ಇತ್ತಲ್ಲ, ಅದಕ್ಕೆ ಅಷ್ಟೇ ಸಾಕು. ನಾನು ಪೆನ್ಸಿಲ್ ಹಿಡಿದು ಅಷ್ಟು ಸಲ ನೋಡಿದ್ದೆ, ನನ್ನ ಮನಸ್ಸಿನಲ್ಲಿದ್ದದ್ದನ್ನೇ ಓದಿಕೊಂಡಿದ್ದೆ. ನನ್ನ ಮನಸ್ಸು ಅದಕ್ಕೆ ಗೊತ್ತಿಲ್ಲ, ದರಿದ್ರದ್ದು, ಗೊತ್ತಾಗುವ ಹಂಗೂ ಅದಕ್ಕಿಲ್ಲ.

ಯುಗಾದಿಗೆ ಇನ್ನೊಂದೇ ಸಲ ಬೆಂಗಳೂರಿಗೆ ಹೋಗಲು ಹೊತ್ತಿತ್ತು. ಆವರಣ ಹಾಕಿ ಹಾಳೆ ಕೊಟ್ಟು ಕಳಿಸಿದೆ. ಆ ವಾರ ಅವ್ವ ರೊಟ್ಟಿ ಹಾಕಿದರೆ ತಿಂದೆ, ಇಲ್ಲದಿದ್ದರೆ ಇಲ್ಲ. ನಾಲ್ಕನೇ ಸಲದ ಪಟ್ಟಿ ಬಂದಾಗ ಸಾಹೇಬರು ಕೂತ್ಕೋ ಅಂದರೂ ಕೂರದೆ ನಿಂತೇ ಹಿಡಿಕೆ ತಿರುಗಿಸಿದೆ. ಸರಿ. ಅದರ ಕೆಳಗಿನದು, ಸರಿ. ನಡುವೆ ಎಲ್ಲೆಂದರಲ್ಲಿ ಬೆರಳಿಟ್ಟು ನೋಡಿದೆ, ಸರಿ, ಸರಿ, ಸರಿ. ನನಗೆ ಕಿರುಚಬೇಕು ಅನಿಸಿತು.

“ಸರ್, ಹಂಗಾರೆ ಇವತ್ತೇ ಬರೀತೀರಾ, ನನ್ನ ಖಾಯಮಿಂದು?”

ಸಾಹೇಬರು ಕನ್ನಡಕ ತೆಗೆದು ಒರೆಸಿದರು. “ಬರೆದಿದ್ದೆ ಕಣಮ್ಮ. ಹೋದ ವಾರವೇ, ಮೊದಲ ಪಟ್ಟಿ ಬಂತಲ್ಲ, ಆವಾಗಲೇ ಬರೆದುಬಿಟ್ಟೆ. ಮೇಲಿನವರು ಒಂದೇ ಪ್ರಶ್ನೆ ಕೇಳಿದರು. ಪಟ್ಟಿ ಬಂದ ಮೇಲೆ ಈ ಹುಡುಗಿಗೆ ಏನು ಕೆಲಸ ಅಂತ.”

“ನಾಳೆ ಬೇರೆ ಗೇರು ಬಂದ್ರೆ? ಬೇರೆ ಲೇಥ್ ಬಂದ್ರೆ?”

“ಗೇರಿನ ಹಲ್ಲು ಎಷ್ಟು ಅನ್ನೋ ಕಾರ್ಡು ಬದಲಾಯಿಸಿದರೆ ಆಯ್ತು. ನೀನು ಬರೆದದ್ದನ್ನ ಇನ್ನು ಕಂಪೈಲ್ ಮಾಡೋದೂ ಬೇಡ, ಅಂಕಿ ಕಾರ್ಡಿನ ಕಟ್ಟು ಇದೆಯಲ್ಲ. ಯಾರು ಬೇಕಾದರೂ ಓಡಿಸಬಹುದು.” ಕನ್ನಡಕ ಮತ್ತೆ ಹಾಕಿಕೊಂಡು, “ಅಷ್ಟು ಚೆನ್ನಾಗಿ ಬರೆದಿದ್ದೀಯಮ್ಮ” ಎಂದರು. ಹೊಗಳಿಕೆ ಎಂದೇ ಹೇಳಿದರು, ಪಾಪ.

“ಕೆಟ್ಟದಾಗಿ ಬರೀಬೇಕಿತ್ತೇನ್ರಿ ಸರ್ ನಾನು?” ಎಂದು ಕೇಳಿದೆ. ದನಿ ಜೋರಾಗಿತ್ತು, ಆಚೆ ಟೇಬಲ್ಲಿನವರು ತಿರುಗಿ ನೋಡಿದರು.

ಸಂಜೆ ಸ್ಟೇಷನ್ನಿನಿಂದ ನೇರ ಅಂಗಡಿಗೆ ಹೋದೆ. ಅಪ್ಪ ತೊಗರಿ ಅಳೆಸುತ್ತಿದ್ದವನು ಕೈಸನ್ನೆ ಮಾಡಿ ಹಮಾಲರನ್ನು ನಿಲ್ಲಿಸಿದ.

“ಏನಾತವ್ವಾ?”

“ಪಟ್ಟಿ ಬಂತಪ್ಪ. ಒಂದೂ ತಪ್ಪಿಲ್ಲ.”

ಅಪ್ಪನ ಮುಖ ಅರಳಿತು. ನಿಜವಾಗಿ ಅರಳಿತು, ನಾನು ನೋಡಿದೆ. ಆ ಗಳಿಗೆಯಲ್ಲಿ ಖಾಯಂ ಆಯಿತು ಎಂದು ಸುಳ್ಳು ಹೇಳಿಬಿಡಬಹುದಿತ್ತು, ಬಾಯಿ ಬರಲಿಲ್ಲ.

“ಕೆಲಸ ಇಲ್ಲ ಅಂದ್ರು.”

“ತಪ್ಪಿಲ್ಲ ಅಂತಿ, ಮತ್ಯಾಕ ತೆಗೆದ್ರು?”

“ಮುಗೀತಲ್ಲಪ್ಪ, ಅದಕ್ಕ.”

ಅಪ್ಪ ಬಗ್ಗಿ, ಚೆಲ್ಲಿದ್ದ ತೊಗರಿಯನ್ನು ಕೈಯಿಂದ ರಾಶಿಗೆ ಸೇರಿಸಿದ. ಕರಾರು ಮುರಿಯುವ ಮನುಷ್ಯನಲ್ಲ ಅವನು, ನಾನೂ ಅವನ ಮಗಳೇ. ಕೊನೆಗೆ ನನ್ನ ಮುಖ ನೋಡದೆ ಅಂದ: “ಮನೀಗೆ ಹೋಗಿ ನಿಮ್ಮವ್ವಗ ಹೇಳು, ಭಾನುವಾರ ರಾಣೆಬೆನ್ನೂರಿನವರು ಬರ್ತಾರ ಅಂತ.”

ಹೋಗಿ ನಾನೇ ಹೇಳಿದೆ.