ಸಣ್ಣ ಗುಂಡು ಸಾಕಾ?

ಕಮರ್ಷಿಯಲ್ ಸ್ಟ್ರೀಟ್ ಹಿಂದಿನ ಗಲ್ಲಿಯಲ್ಲಿ, ನನ್ನ ಹೊಲಿಗೆ ಅಂಗಡಿಯ ಪಕ್ಕದಲ್ಲೇ, ಬಂದೂಕು ರಿಪೇರಿಯ ಚಾಚಾ ಕೂರುತ್ತಿದ್ದರು. ಯಾರು ಏನು ಕೇಳಿದರೂ ಕನ್ನಡಕವನ್ನು ಹಣೆಗೇರಿಸಿ, "ಕೇಳೋದ್ಯಾಕೆ, ಮಾಡಿ ನೋಡೋಣ" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಒಡವೆ ಅಂಗಡಿಯ ಸೇಟು ಬಂದರು. ಹಿಂದಿನ ವಾರವಷ್ಟೇ ಅವರ ಅಂಗಡಿಗೆ ಕಳ್ಳರು ಚಾಕು ಹಿಡಿದು ನುಗ್ಗಿದ್ದರು. ಕೈಚೀಲದಿಂದ ಲೈಸೆನ್ಸಿನ ಪುಟ್ಟ ಪಿಸ್ತೂಲು ತೆಗೆದಿಟ್ಟು, "ಚಾಚಾ, ಇಷ್ಟು ಸಣ್ಣ ಗುಂಡು ಪ್ರಾಣ ಉಳ್ಸತ್ತಾ? ದೊಡ್ಡದು ತಗೊಳ್ಲಾ?" ಎಂದು ಕೇಳಿದರು.

ಚಾಚಾ ಗುಂಡುಗಳನ್ನೆಲ್ಲ ಹೊರತೆಗೆದು, ಪಿಸ್ತೂಲನ್ನು ಅದೇ ಚೀಲಕ್ಕೆ ಹಾಕಿ ಜಿಪ್ ಎಳೆದು ಸೇಟುವಿನ ಕೈಗೆ ಕೊಟ್ಟು, ಬಾಗಿಲಿಗೆ ಹೋಗಿ ನಿಂತರು.

"ನಾನೇ ಕಳ್ಳ. ತೆಗೀರಿ ಸೇಟು" ಎಂದು ಬಾಗಿಲಿನಿಂದ ನಡೆದು ಬಂದರು.

ಆರೇ ಹೆಜ್ಜೆ. ಜಿಪ್ ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಚಾಚಾರ ಕೈ ಆಗಲೇ ಸೇಟುವಿನ ಹೆಗಲ ಮೇಲಿತ್ತು.

ಸೇಟು ಬೆವರು ಒರೆಸಿಕೊಂಡು, "ದೊಡ್ಡದಾಗಿದ್ರೆ?" ಎಂದರು.

"ಅದನ್ನೂ ಚೀಲದಲ್ಲೇ ಇಡ್ತೀರಲ್ಲ" ಎನ್ನುತ್ತ ಚಾಚಾ ಮತ್ತೆ ಬಾಗಿಲಿಗೆ ಹೋಗಿ ನಿಂತರು.